ಒಂಬತ್ತು ಗಂಟೆಗೆ ಬಂದದ್ದು

ಮಾರ್ಚ್ 4, ಸೋಮವಾರ

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಈ ನೋಟುಬುಕ್ಕು ಕೊಟ್ಟಳು. ಅಕ್ಕ ಏನು ಹೇಳಿದರು, ಏನು ತಿಂದರು, ಎಲ್ಲಿ ತಡವರಿಸಿದರು, ದಿನಾ ಎರಡು ಸಾಲು ಬರೆಯಿರಿ ಎಂದಳು. ಮೂವತ್ತೆರಡು ವರ್ಷ ನರ್ಸಾಗಿ ಊರಿನವರ ಜ್ವರ, ನಾಡಿ ಬರೆದವಳಿಗೆ ಇದೇನು ಕಷ್ಟವಲ್ಲ.

ಖಾಮ್‌ಪಾನ್ ಅಕ್ಕನನ್ನು ಹದಿಮೂರು ದಿನದ ಮೇಲೆ ಇವತ್ತು ಫ್ರೆ ಪಟ್ಟಣದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ರಕ್ತದೊತ್ತಡ 150/90. ಬಲಗೈ, ಬಲಗಾಲಿಗೆ ಸ್ವಾಧೀನವಿಲ್ಲ. ಗಂಜಿ ಮಂದವಾಗಿದ್ದರೆ ನುಂಗುತ್ತಾಳೆ. ಮಾತು ಉಳಿದಿರುವುದು ಒಂದೇ: "ಇಲ್ಲ." ಗಂಜಿ ಬೇಕಾ ಎಂದರೂ ಇಲ್ಲ, ಸಾಕಾ ಎಂದರೂ ಇಲ್ಲ. ನಾನು ಯಾರು ಹೇಳು ಎಂದರೆ ಎಡಗೈಯಲ್ಲಿ ನನ್ನ ಕೆನ್ನೆ ಮುಟ್ಟಿ, ಎಲ್ಲಿಲ್ಲದ ಪ್ರೀತಿಯಿಂದ, "ಇಲ್ಲ."

ಎರಡು ತಿಂಗಳು ರಜೆ ಹಾಕಿ, ನನ್ನ ಮನೆಗೆ ಬೀಗ ಹಾಕಿ ಇಲ್ಲಿಗೇ ಬಂದಿದ್ದೇನೆ. ಇದು ನಮ್ಮಮ್ಮನ ಮನೆ. ಅಕ್ಕನ ಮಂಚದ ತಲೆದಿಕ್ಕಿನ ಗೋಡೆಗೆ ಹಿರಿಯರ ಹಲಗೆ ಇದೆ, ಕುಲದಲ್ಲಿ ಸತ್ತವರಿಗೆ ಹೂವು ನೀರಿಡುವುದು. ಹೂವೆಲ್ಲ ಒಣಗಿವೆ, ಲೋಟದ ನೀರು ಆರಿದೆ. ಅದು ಅವಳ ನಂಬಿಕೆ, ನನ್ನ ಕೆಲಸವಲ್ಲ.

ಮಾರ್ಚ್ 6, ಬುಧವಾರ

140/90. ಇಲ್ಲ, ಇಲ್ಲ, ಇಲ್ಲ.

ಮಾರ್ಚ್ 9, ಶನಿವಾರ

ಅಕ್ಕನ ಮಗಳು ರಂಫಾ ಲಂಪಾಂಗ್‌ನಿಂದ ಬೆಳಗಿನ ಬಸ್ಸಿಗೆ ಬಂದಳು. ಅಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿದೆ. ಶನಿವಾರ ಬಂದು ಭಾನುವಾರ ಸಂಜೆ ಹೋಗುತ್ತಾಳೆ. ಅಮ್ಮನ ತಲೆ ಬಾಚಿದಳು, ಉಗುರು ಕತ್ತರಿಸಿದಳು. ಅಕ್ಕನದು ಬಟ್ಟೆಯನ್ನು ನೀಲಿ ಬಣ್ಣದಲ್ಲಿ ಅದ್ದುವ ಕಸುಬು. ಹದಿಮೂರು ದಿನ ಆಸ್ಪತ್ರೆಯಲ್ಲಿ ಒರೆಸಿದರೂ ಉಗುರಿನ ಸಂದಿಯ ನೀಲಿ ಹೋಗಿಲ್ಲ.

ಊಟ ಮಾಡುವಾಗ ಕೇಳಿದಳು: "ಅವತ್ತು ನಿಂಗೆ ಎಷ್ಟೊತ್ತಿಗೆ ಗೊತ್ತಾಯ್ತು ಚಿಕ್ಕಮ್ಮ?"

"ಪಕ್ಕದ್ಮನೆ ತಿಪ್ ಅಜ್ಜಿ ಫೋನ್ ಮಾಡಿದ್ದು ಎರಡು ಗಂಟೆ ಮೇಲೆ. ಅವಳು ಮೆಣಸಿನಕಾಯಿ ಕೇಳೋಕೆ ಬಂದು ನೋಡಿದಾಳೆ, ಇವಳು ಬಣ್ಣದ ಮಡಕೆ ಪಕ್ಕ ಬಿದ್ದಿದ್ಲು."

"ಬಿದ್ದಿದ್ದು ಒಂಬತ್ತಕ್ಕೆ ಅಂದ್ರು ಡಾಕ್ಟರು."

"ಅಂದಾಜು. ಎಂಟೂವರೆಗೆ ಅಜ್ಜಿ ಹತ್ರ ಮಾತಾಡಿದಾಳೆ. ಕೈಗೆ ಬಣ್ಣ ಆಗತಾನೆ ಹತ್ತಿತ್ತು."

"ನಾಲ್ಕೂವರೆ ಗಂಟೆ ಒಳಗೆ ಕರ್ಕೊಂಡ್ ಬಂದಿದ್ರೆ ಇಂಜೆಕ್ಷನ್ ಕೊಡ್ತಿದ್ದೆ ಅಂದ್ರಂತೆ." ಅವಳು ಅನ್ನ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ತಾನೇ ಸಮಾಧಾನ ಹೇಳಿದಳು: "ನಿಂಗೆ ಹೆಂಗೆ ಗೊತ್ತಾಗ್ಬೇಕು ಬಿಡು. ಡ್ಯೂಟಿಯಲ್ಲಿದ್ದೆ. ನೀನೇನ್ ದೇವರಾ?"

ನಾನು ಚಟ್ನಿ ಬಡಿಸಿದೆ.

ಮಾರ್ಚ್ 13, ಬುಧವಾರ

ಈ ಪುಸ್ತಕವನ್ನು ಆಸ್ಪತ್ರೆಯ ಹುಡುಗಿಗೆ ತೋರಿಸಬೇಕು. ಆದ್ದರಿಂದ ಇವತ್ತಿನಿಂದ ಕೊನೆಯ ಪುಟ ತಿರುಗಿಸಿ ಹಿಂದಿನಿಂದ ಬರೆಯುತ್ತೇನೆ. ಮುಂಭಾಗ ಅವಳಿಗೆ, ಇದು ನನಗೆ.

ಫೆಬ್ರವರಿ ಹತ್ತೊಂಬತ್ತು, ಮಂಗಳವಾರ. ಲಸಿಕೆಯ ಫ್ರಿಜ್ಜು ನೋಡಲು ಜಿಲ್ಲೆಯಿಂದ ಮೂವರು ಅಧಿಕಾರಿಗಳು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಗೋಡೆ ಗಡಿಯಾರದಲ್ಲಿ ಒಂಬತ್ತು. ನನ್ನ ಬಾಯಿಗೆ ನೆನೆದ ಅಕ್ಕಿಯ ರುಚಿ ಬಂತು. ರಾತ್ರಿ ನೆನೆಹಾಕಿದ ಅಂಟಕ್ಕಿಯನ್ನು ಬೇಯಿಸುವ ಮೊದಲು ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಹೇಗಿರುತ್ತದೋ ಹಾಗೆ. ತಣ್ಣಗೆ, ಸಪ್ಪೆ, ಹಲ್ಲಿನ ಸಂದಿಯವರೆಗೂ. ಅದರ ಜೊತೆಗೇ ಅಕ್ಕ. ಅಕ್ಕನ ಮುಖವಲ್ಲ, ದನಿಯಲ್ಲ. ಅಕ್ಕ ಎಂಬುದಷ್ಟೆ.

ನಮ್ಮ ತಾಯಿಯ ಕಡೆ ತಲೆಮಾರಿಗೊಬ್ಬಳಿಗೆ ಹೀಗೆ ಬರುತ್ತದೆ. ಹಿರಿಯರು ಕೂಗುವ ಬಗೆ ಇದು ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಮೊದಲು ಬಂದದ್ದು ಹನ್ನೊಂದನೇ ವಯಸ್ಸಿನಲ್ಲಿ, ಶಾಲೆಯಲ್ಲಿ. ಮೇಷ್ಟರನ್ನೂ ಕೇಳದೆ ಮನೆಗೆ ಓಡಿದೆ. ಅಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ತಲೆಯಿಂದ ರಕ್ತ ಸೋರುತ್ತಿತ್ತು. ಅಜ್ಜಿ ಬದುಕಿದಳು. ಅಮ್ಮ ನನ್ನನ್ನು ಹಲಗೆಯ ಮುಂದೆ ಕೂರಿಸಿ ಅತ್ತಳು. ಸಂತೋಷಕ್ಕೆ.

ಆಮೇಲೆ ನರ್ಸಿಂಗ್ ಕಾಲೇಜು, ಬಿಳಿ ಟೋಪಿ. ಅಮ್ಮ ಸತ್ತಾಗ ಅವಳ ಜಾಗದಲ್ಲಿ, ಕುಲದ ಪರವಾಗಿ, ಹಲಗೆಯ ಮುಂದೆ ಕೂರಬೇಕಾದವಳು ನಾನು. ಕೂರಲಿಲ್ಲ. ಅಕ್ಕ ಕುಳಿತಳು. ಅವಳ ಬಾಯಿಗೆ ಒಂದು ದಿನವೂ ಏನೂ ಬಂದಿಲ್ಲ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. "ನಾಲಗೆ ನಿಂದು, ಮೊಣಕಾಲು ನಂದು. ಇರ್ಲಿ ಬಿಡು, ಇಬ್ರೂ ಸೇರಿ ಒಬ್ಬಳಾಗ್ತೀವಿ" ಎಂದಿದ್ದಳು. ಯಾರಾದರೂ ಅವಳ ಹತ್ತಿರ ಕಷ್ಟ ಹೇಳಿಕೊಂಡು ಬಂದರೆ, ಅವಳು ತರಕಾರಿ ಕೊಡುವ ನೆಪದಲ್ಲಿ ಆರೋಗ್ಯ ಕೇಂದ್ರಕ್ಕೆ ಬಂದು ಮೆಲ್ಲಗೆ ಕೇಳುತ್ತಿದ್ದಳು: "ಫೋಂಗ್, ಏನಾದ್ರೂ ಬಂತಾ?" ನಾನು, "ಬಂತು, ನಿನ್ನ ಬಿಪಿ ಬಂತು, ಉಪ್ಪು ಕಡಿಮೆ ಮಾಡು" ಎನ್ನುತ್ತಿದ್ದೆ. ನಗುತ್ತಾ ಹೋಗುತ್ತಿದ್ದಳು.

ಅವತ್ತು ನಾನು ಏನು ಮಾಡಿದೆ? ಜೇಬಿನಿಂದ ಫೋನು ತೆಗೆದೆ. ಕೇಂದ್ರದ ಮುಖ್ಯಸ್ಥ ವಿಚಿಯನ್, "ಅಕ್ಕಾ, ಫ್ರಿಜ್ಜಿನ ಪಟ್ಟಿ ಎಲ್ಲಿಟ್ರಿ?" ಎಂದ. ಫೋನು ಒಳಗಿಟ್ಟೆ. ಅಧಿಕಾರಿಗಳಿಗೆ ಏನೆಂದು ಹೇಳಲಿ? ಬಾಯಲ್ಲಿ ಅಕ್ಕಿಯ ರುಚಿ ಬಂದಿದೆ, ಮನೆಗೆ ಹೋಗಿ ಬರುತ್ತೇನೆ ಎನ್ನಲೇ? ಹಿತ್ತಲಿನ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ, ಎರಡು ಸಲ. ರುಚಿ ಹೋಗಲಿಲ್ಲ. ಚಹಾ ಕುಡಿದೆ. ಹನ್ನೊಂದರ ಹೊತ್ತಿಗೆ ಹೋಯಿತು.

ಅಕ್ಕನ ಮನೆ ಮೋಟಾರುಬೈಕಿನಲ್ಲಿ ಆರು ನಿಮಿಷ.

ಮಾರ್ಚ್ 14, ಗುರುವಾರ

ನಿನ್ನೆ ಬರೆದದ್ದನ್ನು ಓದಿದೆ. ವೈದ್ಯಶಾಸ್ತ್ರದ ಪ್ರಕಾರ ಬಾಯಿಯ ರುಚಿಗೆ ನೂರು ಕಾರಣವಿದೆ: ಹಲ್ಲು, ಹೊಟ್ಟೆ, ವಯಸ್ಸು. ಹಿರಿಯರ ಕೂಗು ಸುಳ್ಳು ಎನ್ನುವುದಾದರೆ ನನ್ನ ತಪ್ಪೇನೂ ಇಲ್ಲ. ನಿಜ ಎನ್ನುವುದಾದರೆ ನನ್ನ ಅಕ್ಕನನ್ನು ಐದು ಗಂಟೆ ನೆಲದ ಮೇಲೆ ಬಿಟ್ಟವಳು ನಾನು. ಹಾಗಾಗಿ ಸುಳ್ಳು.

ಮಾರ್ಚ್ 24, ಭಾನುವಾರ

ಕಾಡಿಗೆ ಬೆಂಕಿ ಬಿದ್ದಿದೆ. ಹೊಗೆಗೆ ಎದುರಿನ ಗುಡ್ಡವೇ ಕಾಣುತ್ತಿಲ್ಲ. ಅಕ್ಕ ಕೆಮ್ಮುತ್ತಾಳೆ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದೇನೆ.

ತಿಪ್ ಅಜ್ಜಿ ಬಂದು ಮಂಚದ ಕೆಳಗೆ ಕುಳಿತು ಎಲೆ ಅಡಿಕೆ ಜಗಿಯುತ್ತಾ ಶುರುಮಾಡಿದಳು. "ನೀನು ಗುಳಿಗೆ ಕೊಡು, ಬೇಡ ಅನ್ನಲ್ಲ. ಆದ್ರೆ ಇವಳ ಖ್ವಾನು ಇನ್ನೂ ಆ ಮಡಕೆ ಹತ್ರಾನೇ ಕೂತಿದೆ. ಬಿದ್ದ ಜಾಗದಲ್ಲಿ ಬಲೆ ಹಾಕಿ ಎತ್ಕೊಂಡ್ ಬರದೆ ಮಾತು ಎಲ್ಲಿಂದ ಬರಬೇಕು? ಮೂವತ್ತೆರಡರಲ್ಲಿ ಎಷ್ಟು ಉಳಿದಿದಾವೋ ಮೈಯಲ್ಲಿ!" ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವಾನ್, ಅಂದರೆ ಸಣ್ಣ ಸಣ್ಣ ಜೀವಗಳು, ಇರುತ್ತವೆ, ಬೆಚ್ಚಿದರೆ ಮೈ ಬಿಟ್ಟು ಹೋಗುತ್ತವೆ ಎಂಬುದು ಅವರ ನಂಬಿಕೆ.

"ಮೆದುಳಿನ ಎಡಭಾಗಕ್ಕೆ ರಕ್ತ ನಿಂತಿದೆ ಅಜ್ಜಿ."

"ನಿಂತಿರ್ಲಿ. ಅದನ್ನ ನೀನು ಓಡಿಸು. ಇದನ್ನ ಯಾರು ಕರೆಯೋದು? ಊರಿಗೆಲ್ಲ ಕರೀತಿದ್ದವಳೇ ಮಲಗಿದಾಳೆ."

ರಂಫಾ ಒಳಗಿನಿಂದ ಬಂದಳು. "ಅಜ್ಜಿ, ಇನ್ಮೇಲೆ ಇದೆಲ್ಲ ಬೇಡ. ಹಿರಿಯರಿಗೆ ಒಂಬತ್ತನೇ ತಿಂಗಳ ಎಡೆ ಈ ವರ್ಷ ಇಡಲ್ಲ. ಹಲಗೆ ಬಿಚ್ಚಿ ಯೊಮ್ ನದಿಗೆ ಬಿಟ್ಟುಬಿಡೋಣ ಅಂತಿದೀನಿ. ಮರ್ಯಾದೆಯಿಂದಾನೇ, ಹೂವು ಇಟ್ಟು. ನಂಗೆ ಇದನ್ನ ನಡೆಸೋಕಾಗಲ್ಲ, ಚಿಕ್ಕಮ್ಮನಿಗೆ ಇಷ್ಟ ಇಲ್ಲ. ಇನ್ಯಾರಿದಾರೆ?"

ಇಬ್ಬರೂ ನನ್ನ ಕಡೆ ನೋಡಿದರು. ನಾನು, "ನಿಮ್ಮಿಷ್ಟ" ಎಂದೆ. ಅಕ್ಕ ಸೂರು ನೋಡುತ್ತಾ, "ಇಲ್ಲ" ಎಂದಳು. ಅದಕ್ಕೆ ಏನು ಅರ್ಥ ಮಾಡಿಕೊಳ್ಳುವುದು?

ಒಣಗಿದ ಹೂವು ತೆಗೆದೆ. ಧೂಳು ಕೂರುತ್ತದೆ, ಅಕ್ಕನ ಕೆಮ್ಮಿಗೆ ಒಳ್ಳೆಯದಲ್ಲ. ಬರೀ ಲೋಟ ಚೆನ್ನಾಗಿ ಕಾಣಲಿಲ್ಲ ಎಂದು ನಾಲ್ಕು ದೇವಕಣಗಿಲೆ ಇಟ್ಟೆ.

ಏಪ್ರಿಲ್ 3, ಬುಧವಾರ

ಮಾತಿನ ಪಾಠ. "ನೀರು" ಹೇಳಿಸಲು ಅರ್ಧ ಗಂಟೆ. ಅಕ್ಕನ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಬರಲಿಲ್ಲ. ನನಗೆ ಸಿಟ್ಟು ಬಂದು ಚಿತ್ರದ ಕಾರ್ಡುಗಳನ್ನು ನೆಲಕ್ಕೆ ಎಸೆದೆ. ಆಮೇಲೆ ಒಂದೊಂದಾಗಿ ಹೆಕ್ಕಿದೆ. ಅಕ್ಕ ಮಂಚದಿಂದ ಎಡಗೈ ತೋರಿಸಿ ತೋರಿಸಿ, ಅಲ್ಲೊಂದು ಇದೆ, ಅಲ್ಲೊಂದು ಇದೆ ಎಂದು ಸಹಾಯ ಮಾಡಿದಳು.

ಒಂದು ಹಳೆಯ ವಿಷಯ ಕಾಡುತ್ತಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಕಾಲುವೆಗೆ ಬಿದ್ದ ಒಂದು ಮಗುವನ್ನು ಕೇಂದ್ರಕ್ಕೆ ತಂದಿದ್ದರು. ಬದುಕಿತ್ತು, ಆದರೆ ಎರಡು ದಿನದಿಂದ ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಅಕ್ಕ ಕಾಲುವೆಯಲ್ಲಿ ಅದರ ಖ್ವಾನ್ ಕರೆದು ನೇರವಾಗಿ ಬಂದಳು, ಒದ್ದೆ ಲಂಗದಲ್ಲಿ, ಹೆಗಲ ಮೇಲೆ ಮೀನಿನ ಗೋರುಬಲೆ, ಬುಟ್ಟಿಯಲ್ಲಿ ಮೊಟ್ಟೆ, ಬಾಳೆಹಣ್ಣು. ಪಟ್ಟಣದ ಡಾಕ್ಟರು, "ಯಾರಿದು?" ಎಂದರು. ನಾನು, "ಯಾರೋ ಹಳ್ಳಿ ಹೆಂಗಸು ಸರ್, ಕಳಿಸ್ತೀನಿ" ಎಂದೆ. ಅಕ್ಕ ನನ್ನನ್ನು ನೋಡಿದಳು. "ಹೌದು ಸಾರ್, ಹಳ್ಳಿಯವಳು" ಎಂದು ಕೈಮುಗಿದು, ಬುಟ್ಟಿಯನ್ನು ಮಗುವಿನ ತಾಯಿಗೆ ಕೊಟ್ಟು ಹೊರಟುಹೋದಳು. ಆ ಸಂಜೆ ನಮ್ಮ ಮನೆಗೆ ಬಿದಿರುಕಳಲೆ ಸಾರು ಕಳಿಸಿದ್ದಳು. ನಾನು ಕ್ಷಮೆ ಕೇಳಿದೆನೇ? ಪಾತ್ರೆ ತೊಳೆದು ವಾಪಸ್ಸು ಕಳಿಸಿದೆ.

ಏಪ್ರಿಲ್ 14, ಭಾನುವಾರ

ಇದನ್ನು ಬೇಗ ಬರೆದುಬಿಡಬೇಕು.

ಹೊಸ ವರ್ಷದ ಹಬ್ಬ. ಬೀದಿಯಲ್ಲಿ ಮಕ್ಕಳು ನೀರು ಎರಚಾಡುತ್ತಿದ್ದರು. ರಂಫಾ ಸೀಗೆಯಂಥ ಸೋಮ್‌ಪೋಯ್ ಕಾಯಿ ಹಾಕಿದ ನೀರನ್ನು ಅಮ್ಮನ ಕೈಮೇಲೆ ಸುರಿದು ಆಶೀರ್ವಾದ ಕೇಳಿದಳು. ಅಕ್ಕ, "ಇಲ್ಲ, ಇಲ್ಲ" ಎಂದು ಹರಸಿದಳು, ಮೂವರೂ ನಕ್ಕೆವು. ಆಮೇಲೆ ರಂಫಾ ಬೀದಿಗೆ ಹೋದಳು. ನಾನು ಅಕ್ಕನ ತಲೆ ತೊಳೆಯುತ್ತಿದ್ದೆ. ಕೈ ತನ್ನ ಪಾಡಿಗೆ ಕೆಲಸ ಮಾಡುವಾಗ ಬಾಯಿ ಏನೋ ಗುನುಗುತ್ತಿತ್ತು. ನನಗೇ ಗೊತ್ತಿರಲಿಲ್ಲ. ಅಮ್ಮ ಖ್ವಾನ್ ಕರೆಯುವಾಗ ಹೇಳುತ್ತಿದ್ದ ಪದ:

"ಬಾ ಖ್ವಾನೇ ಬಾ, ಕಾಡಿನಲ್ಲಿದ್ದರೆ ಕಾಡಿನಿಂದ ಬಾ…"

ಅಷ್ಟರಲ್ಲಿ ನನ್ನ ಕೈಯ ಕೆಳಗಿನ ತಲೆ ಹೇಳಿತು:

"ನೀರಿನಲ್ಲಿದ್ದರೆ ನೀರಿನಿಂದ ಬಾ. ಅನ್ನ ಬಿಸಿಯಿದೆ, ಚಾಪೆ ಹಾಸಿದೆ, ಬಾ."

ಸ್ಪಷ್ಟವಾಗಿ. ಒಂದಕ್ಷರ ತೊದಲದೆ. ಚೊಂಬು ನನ್ನ ಕೈಯಿಂದ ಬಿತ್ತು. ಅಕ್ಕ ತನ್ನ ಬಾಯಿಯನ್ನೇ ಮುಟ್ಟಿ ನೋಡಿಕೊಂಡಳು. ನಾನು ಇನ್ನೊಂದು ಸಾಲು ಹೇಳಿದೆ, ಅವಳು ಅದರ ಮುಂದಿನದು ಹೇಳಿದಳು. ಹೀಗೆ ಮೂವತ್ತೆರಡನೇ ಖ್ವಾನ್‌ವರೆಗೂ ಹೋದೆವು. ಐವತ್ತಾರು ವರ್ಷದ ನನಗೆ ಒಂದು ಸಾಲೂ ಮರೆತಿರಲಿಲ್ಲ.

ಏಪ್ರಿಲ್ 17, ಬುಧವಾರ

ಆಸ್ಪತ್ರೆಯ ಹುಡುಗಿಗೆ ಫೋನು ಮಾಡಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಹಾಡು, ಪ್ರಾರ್ಥನೆ ಮೆದುಳಿನ ಬೇರೆ ಕಡೆಯಿಂದ ಬರುತ್ತವೆ, ಮಾತು ಹೋದವರೂ ಹಾಡುವುದುಂಟು, ಬಿಡಬೇಡಿ, ದಿನಾ ಹೇಳಿಸಿ ಎಂದಳು. ಒಳ್ಳೆಯದು. ಹಾಗಾದರೆ ಇದು ಚಿಕಿತ್ಸೆ.

ದಿನಕ್ಕೆ ಎರಡು ಸಲ ಹೇಳುತ್ತೇವೆ. ಹಲಗೆಯ ಕಡೆ ಮುಖ ಮಾಡಿ ಕೂರಿಸಿದರೆ ಅಕ್ಕನಿಗೆ ಸಲೀಸು.

ಏಪ್ರಿಲ್ 22, ಸೋಮವಾರ

ಬಲೆ ಹಾಕಿದೆ.

ಮಬ್ಬುಗತ್ತಲಲ್ಲಿ ಯಾರೂ ಕಾಣದ ಹಾಗೆ ಮುಗಿಸಿಬಿಡೋಣ ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ಕಳ್ಳಿಯ ಹಾಗೆ ಹೋಗಿ ಕರೆದರೆ ಯಾವ ಖ್ವಾನ್ ನಂಬಿಕೊಂಡು ಬಂದೀತು ಎನಿಸಿತು. ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ತಂದೆ. ಬುಟ್ಟಿಯಲ್ಲಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಅನ್ನದ ಮುದ್ದೆ, ಅವಳ ನೀಲಿ ಅಂಗಿ. ತಿಪ್ ಅಜ್ಜಿ ಬುಟ್ಟಿ ಹಿಡಿದಳು. ಬಣ್ಣದ ಮಡಕೆಯ ಪಕ್ಕದ ಬರೀ ನೆಲದ ಮೇಲೆ ನಾನು ಗೋರುಬಲೆ ಆಡಿಸುತ್ತಾ ಗಟ್ಟಿಯಾಗಿ ಕರೆಯುತ್ತಿದ್ದೆ. ಬೇಲಿಯಾಚೆ ಮೋಟಾರುಬೈಕು ನಿಂತಿತು. ವಿಚಿಯನ್!

"ಮೀನು ಸಿಕ್ತಾ ಅಕ್ಕಾ?"

ಬಲೆ ಬಿಡಲಿಲ್ಲ. "ಸಿಕ್ಕಿದ್ರೆ ನಿಮಗೂ ಒಂದು ಕಳಿಸ್ತೀನಿ ಮುಖ್ಯಸ್ಥರೇ. ಈಗ ಸದ್ದು ಮಾಡ್ಬೇಡಿ, ಬೆದರಿ ಓಡತ್ತೆ."

ಅಕ್ಕ ನಕ್ಕಳು. ಫೆಬ್ರವರಿಯಿಂದೀಚೆಗೆ ಮೊದಲ ಸಲ, ಮೊದಲಿನ ಹಾಗೆ, ಹೊಟ್ಟೆಯಿಂದ. ವಿಚಿಯನ್ ಹೆಲ್ಮೆಟ್ಟು ತೆಗೆದು ಮುಗಿಯುವವರೆಗೂ ಸುಮ್ಮನೆ ನಿಂತಿದ್ದ. ಹೋಗುವಾಗ, "ನಮ್ಮಮ್ಮನಿಗೂ ಒಂದ್ಸಲ ಬಂದು ಕರೀತೀರಾ? ಆಪರೇಷನ್ ಆದಾಗಿಂದ ಮಂಕಾಗಿದಾಳೆ. ಕೇಂದ್ರದಲ್ಲಿ ಹೇಳ್ಬೇಡಿ" ಎಂದ.

"ಹೇಳ್ತೀನಿ. ಹೇಳಿದ್ರೇನೇ ಖ್ವಾನ್ ಬರೋದು" ಎಂದೆ. ನಾನು ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ.

ಕರೆದ ಖ್ವಾನ್ ಮತ್ತೆ ಹೋಗದಿರಲೆಂದು ಮಣಿಕಟ್ಟಿಗೆ ಬಿಳಿ ದಾರ ಕಟ್ಟುವಾಗ ಅಕ್ಕ, "ಫೋಂಗ್" ಎಂದಳು. ಇದು ಹಾಡಿನ ಮಾತಲ್ಲ.

ಮೇ 6, ಸೋಮವಾರ

ಕೆಲಸಕ್ಕೆ ಮರಳಿದೆ. ಹಗಲು ತಿಪ್ ಅಜ್ಜಿ ನೋಡಿಕೊಳ್ಳುತ್ತಾಳೆ. ಬಿಪಿ ಬರೆಯುವುದನ್ನು ನಾಲ್ಕು ದಿನದಿಂದ ಮರೆತಿದ್ದೇನೆ, ನಾಳೆ ನೋಡಬೇಕು. ಹಲಗೆಯ ಮೇಲೆ ನಮ್ಮವರಿಗೆ ಹೊಸ ಲೋಟ ತಂದೆ, ಹಳೆಯದರ ಅಂಚು ಒಡೆದಿತ್ತು.

ಮೇ 19, ಭಾನುವಾರ

ರಂಫಾ ನಾಲ್ಕೂವರೆ ಬಸ್ಸಿಗೆ ಹೊರಟು ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಆಗ ಬಂತು. ಫೆಬ್ರವರಿಯ ಮೇಲೆ ಇದೇ ಮೊದಲು. ತಣ್ಣಗೆ, ಸಪ್ಪೆ. ಈ ಸಲ ಬಾಯಿ ತೊಳೆಯಲಿಲ್ಲ. ಓಡಿ ಹೋಗಿ ಅವಳ ಚೀಲ ಹಿಡಿದೆ.

"ಇವತ್ತು ಹೋಗಬೇಡ."

"ಏನಾಯ್ತು?"

"ನನ್ನ ಬಾಯಿಗೆ ಅಕ್ಕಿ ಬಂದಿದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳ ಅಜ್ಜಿ, ನಮ್ಮಮ್ಮ, ಹೇಳಿ ಗೊತ್ತಿತ್ತು. "ಚಿಕ್ಕಮ್ಮ! ನೀನಾ? ನಾಳಿದ್ದು ಮದುವೆ ಹುಡುಗಿಗೆ ಬಟ್ಟೆ ಕೊಡ್ಬೇಕು. ಆಕೆ ಬಾಯಿಗೆ ಏನ್ ಬರತ್ತೆ ಗೊತ್ತಾ? ಬೈಗುಳ ಬರತ್ತೆ!"

"ಬೈಸ್ಕೋ. ನಾಳೆ ಹೇಗೂ ವಿಶಾಖಪೂಜೆ ರಜೆ. ಮಂಗಳವಾರ ಬೆಳಿಗ್ಗೆ ಹೋಗು."

ಬೈದಳು, ಚೀಲ ಎಸೆದಳು, ಉಳಿದಳು. ಏಳು ಗಂಟೆಗೆ ಬಸ್ ನಿಲ್ದಾಣಕ್ಕೆ ಫೋನು ಮಾಡಿ ಕೇಳಿದಳು. ಬಸ್ಸು ಸುಖವಾಗಿ ಲಂಪಾಂಗ್ ಮುಟ್ಟಿತ್ತು. "ನಿಮ್ಮ ಹಿರಿಯರಿಗೆ ಬಸ್ಸಿನ ವೇಳಾಪಟ್ಟಿ ಗೊತ್ತಿಲ್ಲ" ಎಂದಳು. ನನಗೆ ನಾಚಿಕೆಯಾಯಿತು. ಆದರೆ ಫೆಬ್ರವರಿಯ ಹಾಗೆ ಅಲ್ಲ.

ಮೇ 20, ಸೋಮವಾರ

ತಾಯಿ ಮಗಳು ದಿನವಿಡೀ ಬಣ್ಣದ ಮಡಕೆಯ ಹತ್ತಿರ. ಅಕ್ಕ ಎಡಗೈಯಲ್ಲಿ ತೋರಿಸುತ್ತಾಳೆ, ರಂಫಾ ಅದ್ದುತ್ತಾಳೆ, ಹಿಂಡುತ್ತಾಳೆ. ತಪ್ಪು ಮಾಡಿದರೆ, "ಇಲ್ಲ!" ಈಗ ಆ ಮಾತಿಗೆ ಅರ್ಥ ಬಂದಿದೆ. ಸಂಜೆ ರಂಫಾಳ ಮೊಣಕೈವರೆಗೂ ನೀಲಿ. ಅಕ್ಕ ಅವಳ ಮಡಿಲಲ್ಲಿ ತಲೆಯಿಟ್ಟು ಹಾಡು ಹೇಳಿದಳು. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ, ಹೊರಗೆ ಹೋಗಲಿಲ್ಲ.

ಮೇ 23, ಗುರುವಾರ

ಅಕ್ಕ ಹೋದಳು. ಬೆಳಿಗ್ಗೆ ಏಳೂ ಹತ್ತು. ನಾನು ಪಕ್ಕದಲ್ಲೇ ಇದ್ದೆ. ಆಂಬುಲೆನ್ಸು ಬರುವಷ್ಟರಲ್ಲಿ ಮುಗಿದಿತ್ತು. ಬಾಯಿಗೆ ಏನೂ ಬಂದಿರಲಿಲ್ಲ. ಬರಬೇಕಾದದ್ದು ಭಾನುವಾರವೇ ಬಂದಿತ್ತು.

ಮೇ 30, ಗುರುವಾರ

ಎಲ್ಲ ಮುಗಿಯಿತು. ನಾಲ್ಕು ದಿನದ ಹಿಂದೆ ದಹನ. ಮಳೆ ಬಂದು ಹೊಗೆ ತೊಳೆದುಹೋಗಿದೆ.

ರಂಫಾ ಇವತ್ತು ನನ್ನ ಮುಂದೆ ಮಂಡಿಯೂರಿ ಕೂತು ನೆಲಕ್ಕೆ ಹಣೆ ಹಚ್ಚಿದಳು. ಏಳೇ, ಏನಿದು ಎಂದೆ.

"ನೀನು ಅವತ್ತು ಚೀಲ ಹಿಡೀದೆ ಇದ್ದಿದ್ರೆ ನಾನು ಅಮ್ಮನ ಜೊತೆ ಆ ಸೋಮವಾರ ಇರ್ತಿರ್ಲಿಲ್ಲ. ಬಟ್ಟೆ ಹೊಲೀತಾ ಕೂತಿರ್ತಿದ್ದೆ. ನಾನು ಏನೇನೋ ಅಂದೆ ನಿಂಗೆ, ಹಿರಿಯರಿಗೂ ಅಂದೆ." ಅವಳ ಕೈಯ ನೀಲಿ ಇನ್ನೂ ಹೋಗಿರಲಿಲ್ಲ. "ಹಲಗೆ ನದಿಗೆ ಬಿಡೋದು ಬೇಡ. ನೀನೇ ಕೂರು. ಎಲ್ಲರಿಗೂ ಫೋನ್ ಮಾಡಿ ಹೇಳಿದೀನಿ."

ಹೇಳಿದ್ದಾಳೆ. ಕುಲದ ಹೆಂಗಸರೆಲ್ಲ ಫೋನು ಮಾಡುತ್ತಿದ್ದಾರೆ. ನಿನ್ನ ನಾಲಗೆ ದೊಡ್ಡದು ಎನ್ನುತ್ತಾರೆ. ರಂಫಾಗೆ ಆ ಇನ್ನೊಂದು ದಿನ ಹೊಳೆದಿಲ್ಲ. ಭಾನುವಾರ ಬಂದದ್ದು ನಿಜವಾದರೆ ಆ ಮಂಗಳವಾರ ಬಂದದ್ದೂ ನಿಜ. ಒಂದಕ್ಕೆ ಹಣೆ ಹಚ್ಚಿಸಿಕೊಂಡು ಇನ್ನೊಂದನ್ನು ಬಾಯಿ ಮುಕ್ಕಳಿಸಿ ಉಗಿಯುವುದು ಹೇಗೆ?

ಜೂನ್ 4, ಮಂಗಳವಾರ

ಹೇಳದಿದ್ದರೆ ರಂಫಾ ನನ್ನವಳಾಗಿ ಉಳಿಯುತ್ತಾಳೆ. ನನಗೆ ಮಕ್ಕಳಿಲ್ಲ.

ಜೂನ್ 9, ಭಾನುವಾರ

ನಮ್ಮ ಕಡೆಯ ಪಂಚಾಂಗದಲ್ಲಿ ಇದು ಒಂಬತ್ತನೇ ತಿಂಗಳು, ಹಿರಿಯರ ಎಡೆ. ಇಪ್ಪತ್ತಮೂರು ಜನ ಹೆಂಗಸರು ಬಂದಿದ್ದರು. ಅಂಗಳದಲ್ಲಿ ಒಲೆ, ಬೇಯುವ ಕೋಳಿ, ಮನೆಯ ಸಾರಾಯಿ, ಒಬ್ಬರನ್ನೊಬ್ಬರು ರೇಗಿಸುವ ಸದ್ದು.

ಹಲಗೆಯ ಮುಂದೆ ಕೂರುವವಳು ಮೊದಲು ಕುಲದವರ ಎದುರಿಗೆ ತಾನು ಮುಚ್ಚಿಟ್ಟದ್ದನ್ನು ಹೇಳಿಬಿಡಬೇಕು. ಮುಚ್ಚಿಟ್ಟುಕೊಂಡು ಬಡಿಸಿದ್ದನ್ನು ಹಿರಿಯರು ಉಣ್ಣುವುದಿಲ್ಲ. ಎಂದಿನಿಂದಲೂ ಇದು ನಗುವ ಹೊತ್ತು. ಅಕ್ಕ ಕುಳಿತ ವರ್ಷ, ತಂಗಿಯ ಜರಡಿ ತಂದವಳು ವಾಪಸ್ಸು ಕೊಟ್ಟಿಲ್ಲ ಎಂದು ಹೇಳಿ ಎಲ್ಲರನ್ನೂ ನಗಿಸಿದ್ದಳಂತೆ. ನಾನು ಅವತ್ತು ಬಂದಿರಲಿಲ್ಲ.

ರಂಫಾ ನನ್ನ ಎಡಕ್ಕೆ ಕೂತು ಕೋಳಿಯ ತುಂಡುಗಳನ್ನು ಬಾಳೆಲೆಗೆ ಜೋಡಿಸುತ್ತಿದ್ದಳು. "ಹೇಳೇ ಫೋಂಗ್, ಯಾರ ಜರಡಿ ಕದ್ದೆ?" ಎಂದು ತಿಪ್ ಅಜ್ಜಿ ಕೂಗಿದಳು. ನಗು ಎದ್ದಿತು.

ನಾನು ಹೇಳಿದೆ. ಅಕ್ಕನ ಬಾಯಿಗೆ ಯಾವತ್ತೂ ಏನೂ ಬಂದಿರಲಿಲ್ಲ, ಬರುತ್ತಿದ್ದದ್ದು ನನಗೆ, ನಾನು ನಾಚಿಕೊಂಡು ಅವಳನ್ನು ಕೂರಿಸಿದೆ ಎಂದೆ. ಡಾಕ್ಟರ ಮುಂದೆ ಅವಳನ್ನು ಯಾರೋ ಹೆಂಗಸು ಅಂದದ್ದು ಹೇಳಿದೆ. ಆಮೇಲೆ ಫೆಬ್ರವರಿ ಹತ್ತೊಂಬತ್ತು. ಒಂಬತ್ತು ಗಂಟೆ, ಫೋನು, ನಲ್ಲಿ, ಚಹಾ. ಆರು ನಿಮಿಷದ ದಾರಿ ಎಂಬುದನ್ನೂ ಹೇಳಿದೆ.



ರಂಫಾ ಕೈಯಲ್ಲಿದ್ದ ತುಂಡನ್ನು ಬಾಳೆಲೆಯ ಮೇಲಿಟ್ಟಳು. "ಐದು ಗಂಟೆ" ಎಂದಳು.

"ಹೌದು."

"ನಂಗೆ ಚಟ್ನಿ ಬಡಿಸಿದೆ ನೀನು. ನಿಂಗೆ ಹೆಂಗೆ ಗೊತ್ತಾಗ್ಬೇಕು ಅಂತ ನಾನೇ ಸಮಾಧಾನ ಮಾಡಿದೆ. ಸುಮ್ನೆ ಚಟ್ನಿ ಬಡಿಸಿದೆ."

"ಹೌದು."

ಎದ್ದಳು. ಕೈ ತೊಳೆದುಕೊಂಡಳು, ನಿಧಾನವಾಗಿ, ಬೆರಳು ಬೆರಳಾಗಿ. ಚೀಲ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಈ ಸಲ ನಾನು ಚೀಲ ಹಿಡಿಯಲಿಲ್ಲ. ಹಿಡಿಯಲು ನನಗೇನು ಹಕ್ಕಿದೆ?

ಒಬ್ಬಳು, "ಇಂಥವಳು ಕೂರಬಹುದಾ?" ಎಂದು ಮೆಲ್ಲಗೆ ಕೇಳಿದಳು. ತಿಪ್ ಅಜ್ಜಿ ಎಲೆ ಅಡಿಕೆ ಉಗಿದು ಬಂದು ಹೇಳಿದಳು: "ತಪ್ಪು ಮಾಡದವಳೇ ಬೇಕು ಅಂದ್ರೆ ಈ ಹಲಗೆಗೆ ಯಾವತ್ತೋ ಗೆದ್ದಲು ಹತ್ತಿರೋದು. ಕೂರೇ ಫೋಂಗ್. ಕೋಳಿ ಆರ್ತಿದೆ."

ಕುಳಿತೆ. ಮೊಣಕಾಲು ನೋಯುತ್ತಿತ್ತು. ಅಕ್ಕ ಇಷ್ಟು ವರ್ಷ ಹೇಗೆ ಕುಳಿತಳೋ.

ಜೂನ್ 27, ಗುರುವಾರ

ವಿಚಿಯನ್‌ನ ತಾಯಿಗೆ ಖ್ವಾನ್ ಕರೆದೆ, ಅವರ ಮನೆಯ ಅಂಗಳದಲ್ಲೇ, ನರ್ಸಿನ ಬಟ್ಟೆಯಲ್ಲೇ. ಆಮೇಲೆ ಹೊಲಿಗೆ ಹಾಕಿದ ಜಾಗ ನೋಡಿ ಪಟ್ಟಿ ಬದಲಿಸಿದೆ. ಕೇಂದ್ರಕ್ಕೆ ಬಂದವರಲ್ಲಿ ಕೆಲವರು, "ಏನಾದ್ರೂ ಬಂತಾ ಅಕ್ಕಾ?" ಎಂದು ಕೇಳುತ್ತಾರೆ. ಬಂದಿಲ್ಲ ಎಂದರೆ ಬಂದಿಲ್ಲ ಎನ್ನುತ್ತೇನೆ.

ರಂಫಾ ಫೋನು ಎತ್ತುವುದಿಲ್ಲ.

ಜುಲೈ 16, ಮಂಗಳವಾರ

ಆಷಾಢಪೂಜೆಯ ರಜೆ. ಹನ್ನೊಂದರ ಹೊತ್ತಿಗೆ ಅಂಗಳದ ಬೇಲಿಯ ಹತ್ತಿರ ಸದ್ದಾಯಿತು. ರಂಫಾ. ಒಳಗೆ ಬಾ ಎಂದೆ. ಬರಲಿಲ್ಲ.

"ಅಮ್ಮ ಸರಿಯಾಗಿ ಎಲ್ಲಿ ಬಿದ್ದಿದ್ಲು? ತೋರಿಸು."

ತೋರಿಸಿದೆ. ಎರಡನೇ ಮಡಕೆಗೂ ಸೌದೆಗೂ ನಡುವೆ. ತಲೆ ಈ ಕಡೆ, ಕಾಲು ಆ ಕಡೆ, ಬಲಮಗ್ಗುಲಾಗಿ.

ಅವಳು ಚಪ್ಪಲಿ ಬಿಟ್ಟು, ಒಳ್ಳೆಯ ಅಂಗಿಯಲ್ಲೇ, ಆ ಹಸಿ ನೆಲದ ಮೇಲೆ ಬಲಮಗ್ಗುಲಾಗಿ ಮಲಗಿದಳು. ನಾನು ಸ್ವಲ್ಪ ದೂರ ಕುಳಿತೆ. ಏನೋ ಹೇಳಲು ಹೋದೆ, ಕೈಯೆತ್ತಿ ನಿಲ್ಲಿಸಿದಳು. ಸೂರಿನ ನೆರಳು ಅವಳ ಭುಜದಿಂದ ಸೊಂಟಕ್ಕೆ ಇಳಿಯಿತು.

"ಇಲ್ಲಿಂದ ರಸ್ತೆ ಕಾಣತ್ತೆ ಚಿಕ್ಕಮ್ಮ" ಎಂದಳು.

ಮಲಗಿದಲ್ಲಿಂದಲೇ ಕೈಚಾಚಿ ತೋರಿಸಿದಳು.

"ನೀನು ಬರೋ ದಾರಿ."

ಎದ್ದು ಮಣ್ಣು ಒದರಿಕೊಂಡಳು. ಕಣ್ಣು ಒದ್ದೆಯಾಗಿರಲಿಲ್ಲ. "ನಾನು ನಿನ್ನ ಕ್ಷಮಿಸಿಲ್ಲ. ಯಾವತ್ತು ಕ್ಷಮಿಸ್ತೀನೋ ಗೊತ್ತಿಲ್ಲ. ಬರೋ ವರ್ಷದ ಎಡೆಗೆ ಕೋಳಿ ನಾನು ತರ್ತೀನಿ. ನಿನ್ನ ಮುಖ ನೋಡೋಕಲ್ಲ, ಅಮ್ಮನೂ ಈಗ ಹಿರಿಯರ ಜೊತೆ ಇದಾಳಲ್ಲ, ಅದಕ್ಕೆ."

"ಆಗಲಿ."

"ನೀನು ಅವತ್ತು ಹೇಳದೇ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದಳು. ಬೇಲಿ ದಾಟಿದ ಮೇಲೆ ನಿಂತು, ನನ್ನ ಕಡೆ ತಿರುಗದೆಯೇ, "ಇಲ್ಲ, ಇರ್ತಿರ್ಲಿಲ್ಲ" ಎಂದಳು. ಹೋದಳು.

ಅವಳು ತಿರುವಿನಲ್ಲಿ ಮರೆಯಾದ ಮೇಲೆ ನಾನೂ ಹೋಗಿ ಅಲ್ಲಿ ಮಲಗಿದೆ, ಬಲಮಗ್ಗುಲಾಗಿ. ನೆಲ ತಣ್ಣಗಿತ್ತು. ರಸ್ತೆ ಕಾಣುತ್ತದೆ. ಹುಣಸೆಮರದಿಂದ ಹಿಡಿದು ಆರೋಗ್ಯ ಕೇಂದ್ರದ ತಿರುವಿನವರೆಗೂ, ಪೂರ್ತಿ ಕಾಣುತ್ತದೆ.